ಎಡಿಟರ್ ಬಾಕ್ಸ್ ನಿಮಗೆ ಬೇಕಾದ ಅಳತೆಗೆ

ಜಾಂಗೋ (ಪೈಥಾನ್‌ನ ವೆಬ್ ಫ್ರೇಮ್‌ವರ್ಕ್) ಆ್ಯಪ್‌ಗೆ ‘ಜಾಂಗೋ-ಸಿಕೆಎಡಿಟರ್’ ಪ್ಯಾಕೇಜ್ ಮೂಲಕ ಸಿಕೆಎಡಿಟರ್, ಅಂದರೆ ಟೂಲ್‌ಬಾರ್ ಇರುವ ಬರೆಯುವ ಬಾಕ್ಸ್, ಹಾಕಿದ ಮೇಲೆ ಬಹಳ ಜನ ಎಡವುವುದನ್ನು ನೋಡಿದ್ದೇನೆ. ಬಾಕ್ಸ್ ದೊಡ್ಡದಾಗಲಿ ಎಂದು ಫಾರ್ಮ್‌ನ ವಿಜೆಟ್‌ಗೆ (ಇನ್‌ಪುಟ್ ಬಾಕ್ಸ್‌ಗೆ) ರೋಸ್ (ಸಾಲು) 30, ಕಾಲ್ಸ್ (ಕಾಲಮ್) 100 ಎಂದು ಕೊಡುತ್ತಾರೆ. ಬಾಕ್ಸ್ ಕದಲುವುದಿಲ್ಲ. ಬ್ರೌಸರ್‌ನಲ್ಲಿ ಇನ್‌ಸ್ಪೆಕ್ಟ್ ತೆರೆದು ನೋಡಿ: ಆ ವಿಜೆಟ್‌ನ ಟೆಕ್ಸ್ಟ್‌ಏರಿಯಾಗೆ ‘display: none’ ಬಿದ್ದಿರುತ್ತದೆ, ಅಂದರೆ ಅದು ಮರೆಯಾಗಿರುತ್ತದೆ. ನೀವು ಟೈಪ್ ಮಾಡುವುದು ಎಡಿಟರ್ ತಾನೇ ಕಟ್ಟಿಕೊಂಡ ಐಫ್ರೇಮ್‌ನೊಳಗೆ (ಪುಟದೊಳಗಿನ ಇನ್ನೊಂದು ಪುಟ). ಅಳತೆ ಹೇಳಬೇಕಾದ್ದು ಎಡಿಟರ್‌ಗೆ.

ಮೊದಲು ಎತ್ತರ. ಸೆಟ್ಟಿಂಗ್ಸ್ ಫೈಲ್‌ನ ಸಿಕೆಎಡಿಟರ್ ಕಾನ್ಫಿಗ್ಸ್ ಡಿಕ್ಷನರಿಯಲ್ಲಿ ‘ಡಿಫಾಲ್ಟ್’ ಒಳಗೆ ‘ಹೈಟ್’ಗೆ 400 (ಪಿಕ್ಸೆಲ್) ಎಂದು ಬರೆಯಿರಿ. ಇದು ಬರೆಯುವ ಜಾಗದ ಎತ್ತರ ಮಾತ್ರ, ಟೂಲ್‌ಬಾರ್ ಇದರಲ್ಲಿ ಸೇರಿಲ್ಲ. ಪರ್ಸೆಂಟ್ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಇನ್ನು ಅಗಲ. ಕಷ್ಟ ಇರುವುದು ಇಲ್ಲೇ. ನೀವು ಏನೂ ಹೇಳದಿದ್ದರೆ ಜಾಂಗೋ-ಸಿಕೆಎಡಿಟರ್ 835 ಪಿಕ್ಸೆಲ್ ಅಗಲ ಹಿಡಿದು ಕೂರುತ್ತದೆ. ಮೊಬೈಲ್‌ನಲ್ಲಿ ಟೂಲ್‌ಬಾರ್‌ನ ಅರ್ಧ ಸ್ಕ್ರೀನ್ ಆಚೆ. ‘ವಿಡ್ತ್’ಗೆ 100 ಪರ್ಸೆಂಟ್ ಕೊಟ್ಟರೆ ಸಾಕು ಅನಿಸುತ್ತದೆ, ಅಲ್ವಾ? ಸಾಲದು. ಎಡಿಟರ್ ಸುತ್ತ ‘ಜಾಂಗೋ-ಸಿಕೆಎಡಿಟರ್-ವಿಜೆಟ್’ ಕ್ಲಾಸ್‌ನ ಒಂದು ಡಿವ್ (ಎಡಿಟರ್ ಅನ್ನು ಸುತ್ತುವ ಎಚ್‌ಟಿಎಂಎಲ್ ಟ್ಯಾಗ್) ಇದೆ. ಅದಕ್ಕೆ ‘ಇನ್‌ಲೈನ್-ಬ್ಲಾಕ್’ ಎಂದು ಟ್ಯಾಗ್‌ನಲ್ಲೇ ಬರೆದಿದೆ. ಒಳಗೆ ಇರುವುದು ಎಷ್ಟೋ ಅಷ್ಟಕ್ಕೇ ಅದು ಕುಗ್ಗುತ್ತದೆ. ಕುಗ್ಗಿದ ಡಿವ್‌ನ 100 ಪರ್ಸೆಂಟ್ ಎಂದರೆ ಅದೂ ಕುಗ್ಗಿದ್ದೇ. ಹಾಗಾಗಿ ಕಾನ್ಫಿಗ್‌ನಲ್ಲಿ ‘ವಿಡ್ತ್’ಗೆ ‘ಆಟೋ’ ಕೊಡಿ, ನಿಮ್ಮ ಸಿಎಸ್ಎಸ್‌ನಲ್ಲಿ (ಪುಟದ ಸ್ಟೈಲ್ ಫೈಲ್) ಆ ಡಿವ್‌ಗೆ 100 ಪರ್ಸೆಂಟ್ ಅಗಲ ಕೊಡಿ. ಎರಡೂ ಬೇಕು.

ಕೆಲವರು ಸುಮ್ನೆ ಎಡಿಟರ್‌ನ ಒಳಗಿನ ಕ್ಲಾಸ್‌ಗಳಿಗೆ ಸಿಎಸ್ಎಸ್‌ನಲ್ಲಿ ಎತ್ತರ ಬರೆದು, ಬೇರೆ ಸ್ಟೈಲ್‌ಗಳನ್ನು ಮೀರಿಸುವ ‘!important’ ಅಂಟಿಸುತ್ತಾರೆ. ಬೇಡವೇ ಬೇಡ. ಆಮೇಲೆ ಮೂಲೆ ಹಿಡಿದು ಎಳೆದರೂ ಬಾಕ್ಸ್ ದೊಡ್ಡದಾಗದು, ಮ್ಯಾಕ್ಸಿಮೈಸ್ ಒತ್ತಿದರೂ ಸ್ಕ್ರೀನ್ ತುಂಬದು.

ಒಂದೊಂದು ಫೀಲ್ಡ್‌ಗೆ ಒಂದೊಂದು ಅಳತೆ ಬೇಕಿದ್ದರೆ ಇನ್ನೊಂದು ಹೆಸರಿನ ಕಾನ್ಫಿಗ್ ಬರೆದು, ಮಾಡೆಲ್‌ನ ರಿಚ್‌ಟೆಕ್ಸ್ಟ್‌ಫೀಲ್ಡ್‌ಗೆ ‘ಕಾನ್ಫಿಗ್ ನೇಮ್’ ಆಗಿ ಆ ಹೆಸರು ಕೊಡಿ. ಲೈವ್ ಸರ್ವರ್ ಆದರೆ ಕಲೆಕ್ಟ್‌ಸ್ಟ್ಯಾಟಿಕ್ (ಸಿಎಸ್ಎಸ್‌ನಂಥ ಫೈಲ್‌ಗಳನ್ನು ಒಂದೆಡೆ ಸೇರಿಸುವ ಜಾಂಗೋ ಕಮಾಂಡ್) ಓಡಿಸಿ, ಆ್ಯಪ್ ರೀಸ್ಟಾರ್ಟ್ ಮಾಡಿ. ನೋಡುವಾಗ ಕಂಟ್ರೋಲ್-ಶಿಫ್ಟ್-ಆರ್ ಒತ್ತಿ, ಇಲ್ಲದಿದ್ದರೆ ಹಳೆಯ ಸಿಎಸ್ಎಸ್ಸೇ ಕಾಣಬಹುದು.

ಹೊಸ ಪ್ರಾಜೆಕ್ಟ್ ಆಗಿದ್ದರೆ ಇದ್ಯಾವುದೂ ಬೇಡ, ನೇರ ಸಿಕೆಎಡಿಟರ್ 5 ಹಾಕಿ. ಜಾಂಗೋ-ಸಿಕೆಎಡಿಟರ್ ಒಳಗಿರುವ 4ನೇ ಆವೃತ್ತಿಗೆ ಉಚಿತ ಸೆಕ್ಯುರಿಟಿ ಅಪ್‌ಡೇಟ್ 2023ರ ಜೂನ್‌ಗೇ ನಿಂತಿದೆ. 5ರಲ್ಲಿ ಹೈಟ್ ಎಂಬ ಸೆಟ್ಟಿಂಗ್ ಇಲ್ಲ. ‘ಸಿಕೆ-ಎಡಿಟರ್__ಎಡಿಟೆಬಲ್_ಇನ್‌ಲೈನ್’ ಕ್ಲಾಸ್‌ಗೆ ಸಿಎಸ್ಎಸ್‌ನಲ್ಲಿ ಮಿನ್-ಹೈಟ್ 400 ಪಿಕ್ಸೆಲ್ ಕೊಡಿ. ಜಾವಾಸ್ಕ್ರಿಪ್ಟ್‌ನಿಂದ ನೇರವಾಗಿ ಸ್ಟೈಲ್ ಹಾಕಿದರೆ ಬಾಕ್ಸ್ ಒಳಗೆ ಕ್ಲಿಕ್ ಮಾಡಿದ ಕೂಡಲೇ ಎತ್ತರ ಮೊದಲಿನಂತಾಗುತ್ತದೆ.