ಉಪ್ಪಿನ ಸತ್ಯಾಗ್ರಹ ನಂಬಿಕೊಂಡು ಡಿಬೇಟಿಗೆ ಹೋದೆ

ಅಮೆರಿಕದಲ್ಲಿ ಹೈಸ್ಕೂಲು ಸೇರಿದ ಮೊದಲ ವರ್ಷವೇ ಸ್ಪೀಚ್ ಅಂಡ್ ಡಿಬೇಟ್ ಟೀಮಿಗೆ ಹೆಸರು ಕೊಟ್ಟೆ. ನಮ್ಮ ಶಾಲೆಯಲ್ಲಿ ಅದಕ್ಕೆ ಆಯ್ಕೆ ಪರೀಕ್ಷೆ ಇರಲಿಲ್ಲ. ಸಂಜೆ ಹೋಗಿ ಕೂತರೆ ಸಾಕಿತ್ತು. ಭಾಷಣದ ವಿಭಾಗವೇ ಬೇರೆ, ಡಿಬೇಟೇ ಬೇರೆ. ನನಗೆ ಬಾಯಿಪಾಠ ಒಪ್ಪಿಸುವುದಕ್ಕಿಂತ ಎದುರುತ್ತರ ಕೊಡುವುದೇ ಇಷ್ಟ. ಹಾಗಾಗಿ ಡಿಬೇಟಿನಲ್ಲಿ ಲಿಂಕನ್-ಡಗ್ಲಸ್ ಅನ್ನುವ ಬಗೆಯನ್ನು ಆರಿಸಿಕೊಂಡೆ. 1858ರಲ್ಲಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ಇಲಿನಾಯ್ ರಾಜ್ಯದ ಏಳು ಊರುಗಳಲ್ಲಿ ಗುಲಾಮಗಿರಿಯ ಬಗ್ಗೆ ವಾದ ಮಾಡಿದ್ದರು. ಅದೇ ಹೆಸರು ಇದಕ್ಕೆ. ಇಲ್ಲಿ ಜೊತೆಗಾರರಿಲ್ಲ, ಒಬ್ಬರ ಎದುರು ಒಬ್ಬರೇ. ಯಾವುದು ನ್ಯಾಯ ಅನ್ನುವುದೇ ಮುಖ್ಯ ಪ್ರಶ್ನೆ.

ಹೊಸಬರಿಗೆ ಕೊಟ್ಟಿದ್ದ ವಿಷಯ: ಪ್ರಜಾಪ್ರಭುತ್ವದಲ್ಲಿ ಅಸಹಕಾರ, ಕಾನೂನು ಭಂಗ ನೈತಿಕವಾಗಿ ಸರಿಯೇ? ಓದಿದ ತಕ್ಷಣ ಖುಷಿಯಾಯ್ತು. ಗಾಂಧೀಜಿ ಇದ್ದಾರಲ್ಲ! 1930ರ ದಂಡಿ ಯಾತ್ರೆ ನಮ್ಮ ಮನೆಯಲ್ಲಿ ಎಷ್ಟು ಸಲ ಕೇಳಿದ ಕತೆ. ಅದನ್ನೇ ನಡುವೆ ಇಟ್ಟು ಆರು ನಿಮಿಷದ ವಾದ ಬರೆದೆ.

ಮೊದಲ ಟೂರ್ನಮೆಂಟು ಒಂದು ಶನಿವಾರ, ಬೇರೆ ಶಾಲೆಯ ಕ್ಲಾಸ್‌ರೂಮಿನಲ್ಲಿ. ನಾನು ಪರ. ವಾದ ಚೆನ್ನಾಗಿಯೇ ಹೋಯ್ತು. ಆಮೇಲೆ ಎದುರಾಳಿ ಮೂರು ನಿಮಿಷ ಪ್ರಶ್ನೆ ಕೇಳಬಹುದು. ಆ ಹುಡುಗಿ ಎದ್ದು ನಿಂತು, ತನ್ನ ಹಾಳೆ ನೋಡಿಕೊಂಡು, ಮೆತ್ತಗೆ ಕೇಳಿದಳು: "1930ರಲ್ಲಿ ಭಾರತ ಪ್ರಜಾಪ್ರಭುತ್ವವಾಗಿತ್ತಾ?"

ನಾನು ಸುಮ್ಮನಾದೆ. ಬ್ರಿಟಿಷರ ಆಳ್ವಿಕೆ. ವಿಷಯದಲ್ಲಿ 'ಪ್ರಜಾಪ್ರಭುತ್ವದಲ್ಲಿ' ಅನ್ನುವ ಮಾತು ಮೊದಲೇ ಕೂತಿದೆ, ನಾನು ಅದನ್ನು ದಾಟಿಕೊಂಡು ಹೋಗಿದ್ದೆ. ಅವಳು ಏಳು ನಿಮಿಷ ಅದನ್ನೇ ಹಿಡಿದು ನನ್ನ ವಾದವನ್ನು ಬಿಚ್ಚಿಟ್ಟಳು. ಸೋತೆ. ಹೊರಗೆ ಬಂದಾಗ ಅವಳೇ ಹತ್ತಿರ ಬಂದು, "ನಿನ್ನ ಕತೆ ಚೆನ್ನಾಗಿತ್ತು. ಮುಂದಿನ ಸಲ ವಿಷಯದ ಒಂದೊಂದು ಪದಕ್ಕೂ ಅಡಿಗೆರೆ ಹಾಕು" ಅಂದಳು.

ಸೋಮವಾರ ಕೋಚ್ ಒಂದು ಕೆಲಸ ಹಚ್ಚಿದರು. ಸೋತ ರೌಂಡಿನ ನೋಟ್ಸ್ ಮುಂದಿಟ್ಟುಕೊಂಡು ಅದೇ ಉತ್ತರವನ್ನು ಮತ್ತೆ ಹೇಳಬೇಕು. ಡಿಬೇಟಿನಲ್ಲಿ ಈ ನೋಟ್ಸಿಗೆ ಫ್ಲೋ ಅಂತಾರೆ. ಹಾಳೆಯಲ್ಲಿ ಉದ್ದುದ್ದ ಕಾಲಂ. ಅವರ ಮಾತು ಒಂದು ಬಣ್ಣದ ಪೆನ್ನಿನಲ್ಲಿ, ನಮ್ಮದು ಇನ್ನೊಂದರಲ್ಲಿ. ಉತ್ತರ ಕೊಟ್ಟ ಮಾತಿಗೆ ಬಾಣ ಎಳೀಬೇಕು. ನನ್ನ ಹಾಳೆಯಲ್ಲಿ ಅವಳ ಐದು ವಾದಗಳಲ್ಲಿ ಮೂರಕ್ಕೆ ಬಾಣವೇ ಇರಲಿಲ್ಲ. ಈ ಆಟದಲ್ಲಿ ಉತ್ತರ ಕೊಡದ ವಾದವನ್ನು ಒಪ್ಪಿಕೊಂಡಂತೆಯೇ ಲೆಕ್ಕ.

ಕಷ್ಟ ಎಲ್ಲಿ ಅಂದ್ರೆ, ವಿರೋಧದವರ ಏಳು ನಿಮಿಷಕ್ಕೆ ಪರದವರು ನಾಲ್ಕೇ ನಿಮಿಷದಲ್ಲಿ ಉತ್ತರ ಕೊಡಬೇಕು. ಒಟ್ಟು ಲೆಕ್ಕದಲ್ಲಿ ಇಬ್ಬರಿಗೂ ಹದಿಮೂರು ನಿಮಿಷವೇ, ಆದರೆ ಆ ನಾಲ್ಕು ನಿಮಿಷ ಉಸಿರು ಕಟ್ಟಿಸುತ್ತೆ. ಹೊಸದಾಗಿ ಸೇರುವವರು ದಿನಾ ಅಭ್ಯಾಸ ಮಾಡಬೇಕಾದದ್ದು ಇದನ್ನೇ ಅಂತ ನನ್ನ ಗಟ್ಟಿ ಅಭಿಪ್ರಾಯ. ಮೊದಲ ಭಾಷಣ ಮನೆಯಲ್ಲಿ ಬರೆದದ್ದು, ಅದು ಹೇಗೂ ನಡೆಯುತ್ತೆ. ನಾನು ಮೊಬೈಲಿನಲ್ಲಿ ಟೈಮರ್ ಇಟ್ಟು ಒಂದೇ ಉತ್ತರವನ್ನು ಎಂಟು ಹತ್ತು ಸಲ ಹೇಳುತ್ತಿದ್ದೆ. ಪ್ರತಿ ಸಲವೂ ಒಂದಿಷ್ಟು ಪದ ಉದುರುತ್ತಿತ್ತು.

ಅಮ್ಮನ ಮುಂದೆಯೂ ಹೇಳುತ್ತಿದ್ದೆ, ಕನ್ನಡದಲ್ಲಿ. "ಅದೆಲ್ಲ ಸರಿ ಕಣೇ, ಒಂದೇ ಮಾತಲ್ಲಿ ಹೇಳು, ನೀನು ಹೇಳ್ತಿರೋದಾದ್ರೂ ಏನು?" ಅಂತಿದ್ದಳು. ಜಡ್ಜ್‌ಗಳಲ್ಲಿ ಎಷ್ಟೋ ಜನ ಮಕ್ಕಳ ಅಪ್ಪ ಅಮ್ಮಂದಿರೇ, ಡಿಬೇಟಿನ ಪರಿಭಾಷೆ ಗೊತ್ತಿಲ್ಲದವರು. ಅಮ್ಮನಿಗೆ ಕನ್ನಡದಲ್ಲಿ ಬಿಡಿಸಿ ಹೇಳಲು ಆಗದಿದ್ದ ವಾದ ನನಗೇ ಪೂರ್ತಿ ಅರ್ಥವಾಗಿರಲಿಲ್ಲ. ಅಂಥವನ್ನು ತೆಗೆದುಹಾಕಿದೆ.

ದಂಡಿಯನ್ನು ಬಿಡಲು ಮನಸ್ಸಿಗೆ ಕಷ್ಟವಾಯ್ತು. ಅದರ ಜಾಗಕ್ಕೆ 1955ರಲ್ಲಿ ಅಲಬಾಮಾ ರಾಜ್ಯದ ಮಾಂಟ್ಗೊಮರಿಯ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದೆ ಬಂಧನಕ್ಕೊಳಗಾದ ಕರಿಯ ಮಹಿಳೆ ರೋಸಾ ಪಾರ್ಕ್ಸ್ ಬಂದರು. "ಎಷ್ಟೋ ಕರಿಯರಿಗೆ ಮತ ಹಾಕಲೂ ಬಿಡದ ಅಲಬಾಮಾ ಪ್ರಜಾಪ್ರಭುತ್ವವಾ?" ಅಂತ ಕೇಳ್ತಾರೆ ಅಂತ ಈ ಸಲ ಮೊದಲೇ ಗೊತ್ತಿತ್ತು. ಉತ್ತರ ಬರೆದಿಟ್ಟೆ: ಸಂವಿಧಾನ, ಚುನಾವಣೆ, ಕೋರ್ಟು ಎಲ್ಲ ಇದ್ದೂ ಕೆಲವರನ್ನು ಹೊರಗಿಡುವ ಪ್ರಜಾಪ್ರಭುತ್ವಗಳಿವೆ, ಕಾನೂನು ಭಂಗ ಬೇಕಾಗುವುದು ಅಲ್ಲೇ. ಬಸ್ಸಿನಲ್ಲಿ ಬೇರೆ ಬೇರೆ ಕೂರಿಸುವ ಆ ಕಾನೂನನ್ನು 1956ರಲ್ಲಿ ಅದೇ ದೇಶದ ಸುಪ್ರೀಂ ಕೋರ್ಟು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಮಾನಿಸಿತು.

ಮುಂದಿನ ಟೂರ್ನಮೆಂಟಿನಲ್ಲಿ ಪರವಾಗಿ ಎರಡು ರೌಂಡ್ ಗೆದ್ದೆ. ಇಲ್ಲಿ ಪಕ್ಷ ಬದಲಾಗುತ್ತಾ ಇರುತ್ತೆ, ಮೂರನೆಯದರಲ್ಲಿ ನಾನು ವಿರೋಧ. ಎದುರಿಗಿದ್ದ ಹುಡುಗ ಎದ್ದವನೇ ಗಾಂಧೀಜಿ, ಉಪ್ಪು, 1930 ಅಂತ ಶುರು ಮಾಡಿದ. ನನ್ನ ಪೆನ್ನು ನಿಂತುಹೋಯ್ತು. ಪ್ರಶ್ನೆ ಕೇಳುವ ಸರದಿ ಬಂದಾಗ ಎದ್ದು, ಅವಳಷ್ಟೇ ಮೆತ್ತಗೆ ಕೇಳಿದೆ. ಅವನು ನೀರಿನ ಬಾಟಲಿ ಎತ್ತಿಕೊಂಡ. ರೌಂಡ್ ಮುಗಿದ ಮೇಲೆ ಕಾರಿಡಾರಿನಲ್ಲಿ ಅವನನ್ನು ಹುಡುಕಿಕೊಂಡು ಹೋದೆ, ಅಡಿಗೆರೆಯ ಮಾತು ಹೇಳೋಣ ಅಂತ.