ಸೊಂಟದ ಕೀಲು ಎಳೆಯುವ ಮೊದಲು ಮೈ ನೋಡಬೇಕು

ಸಣ್ಣ ತೂತಿನಿಂದ ಕ್ಯಾಮೆರಾ ತೂರಿಸಿ ಮಾಡುವ ದುರ್ಬೀನು ಆಪರೇಷನ್ ಅಂದರೆ ನಮ್ಮ ಕಡೆ ಜನರಿಗೆ ನೆನಪಾಗುವುದು ಮೊಣಕಾಲು. ಸೊಂಟದ ಕೀಲಿಗೂ ಅದನ್ನು ಮಾಡಬಹುದು, ಆದರೆ ಒಳಗೆ ಹೋಗಲು ಸಂದೇ ಇರುವುದಿಲ್ಲ. ತೊಡೆ ಮೂಳೆಯ ಗುಂಡು ತಲೆ ಗೂಡಿನಲ್ಲಿ ಅಷ್ಟು ಬಿಗಿಯಾಗಿ ಕೂತಿರುತ್ತದೆ. 1931ರಲ್ಲಿ ನ್ಯೂಯಾರ್ಕಿನ ಮೈಕೆಲ್ ಬರ್ಮನ್ ಶವಗಳ ಮೇಲೆ ಪ್ರಯತ್ನಿಸಿ, ತಲೆ ಮತ್ತು ಗೂಡಿನ ನಡುವೆ ಸೂಜಿ ತೂರಿಸಲು ಆಗದು ಎಂದು ಬರೆದರು. ಈಗ ಟ್ರ್ಯಾಕ್ಷನ್ ಟೇಬಲ್ ಮೇಲೆ ಕಾಲು ಎಳೆದು, ಸುಮಾರು 8ರಿಂದ 10 ಮಿಲಿಮೀಟರ್ ಜಾಗ ಮಾಡಿಕೊಳ್ಳುತ್ತೇವೆ.

ಇದಕ್ಕೆ ಸಾಮಾನ್ಯವಾಗಿ 25ರಿಂದ 50 ಪೌಂಡ್ ಬಲ ಬೇಕು ಅನ್ನುತ್ತಾರೆ. ಕಾರವಾರದ ನನ್ನ ಓಪಿಡಿಯಲ್ಲಿ ಮಾತ್ರ ಆ ಅಂಕಿಗಿಂತ ಎದುರು ಕೂತವರ ಮೈಯೇ ನನಗೆ ಜಾಸ್ತಿ ಹೇಳುತ್ತದೆ.

ಮೊದಲು ಕೈ ಮುಂದೆ ಮಾಡಿ ಅನ್ನುತ್ತೇನೆ. ಕಿರುಬೆರಳು ಹಿಂದಕ್ಕೆ ಎಷ್ಟು ಬಾಗುತ್ತದೆ, ಹೆಬ್ಬೆರಳು ಮುಂಗೈಗೆ ತಾಗುತ್ತದಾ, ಮೊಣಕೈ, ಮೊಣಕಾಲು ನೇರಕ್ಕಿಂತ ಆಚೆ ಹೋಗುತ್ತದಾ, ಮಂಡಿ ಮಡಚದೆ ಅಂಗೈ ನೆಲಕ್ಕೆ ಊರಲು ಆಗುತ್ತದಾ. ಇದು ಮೈಯ ಕೀಲುಗಳು ಎಷ್ಟು ಸಡಿಲ ಎಂದು ಅಳೆಯುವ ಬೈಟನ್ ಪರೀಕ್ಷೆ, ಒಟ್ಟು 9 ಅಂಕ. ಸೊಂಟದ ನೋವಿಗೆ ಬಂದರೆ ಬೆರಳು ಯಾಕೆ ಮಡಚುತ್ತಾರೆ ಎಂದು ರೋಗಿಗೆ ಆಶ್ಚರ್ಯ. ಅಂಕ ಜಾಸ್ತಿ ಇದ್ದವರ ಕೀಲು ಸುಲಭವಾಗಿ ಬಿಡುತ್ತದೆ. ಆಮೇಲೆ ಮಲಗಿಸಿ ತೊಡೆ ತಿರುಗಿಸಿ ನೋಡುತ್ತೇನೆ. ತಿರುಗದೆ ಗಟ್ಟಿಯಾಗಿ ನಿಂತರೆ, ಟೇಬಲ್ ಮೇಲೂ ಅದು ಸುಮ್ನೆ ಬರುವುದಿಲ್ಲ.

ಕುಮಟಾದಿಂದ ಬಂದ ಭರತನಾಟ್ಯದ ಹುಡುಗಿಗೆ ಸ್ವಲ್ಪ ಎಳೆದರೆ ಸಾಕಾಯಿತು. ಶಿರಸಿ ಕಡೆಯ ಕೊನೆಗೌಡರೊಬ್ಬರದು ಬೇರೆಯೇ ಕತೆ. ವರ್ಷಗಟ್ಟಲೆ ಅಡಿಕೆ ಮರ ಹತ್ತಿದ ತೊಡೆ, ತೂಕದ ಆಳು, ಎಕ್ಸ್‌ರೇಯಲ್ಲಿ ಗೂಡೂ ಆಳ. ಗಂಡಸರಿಗೆ ಹೆಂಗಸರಿಗಿಂತ ಸಾಮಾನ್ಯವಾಗಿ ಜಾಸ್ತಿ ಬಲ ಬೇಕು. ಇಲ್ಲಿ ಎಲ್ಲವೂ ಒಟ್ಟಿಗೇ ಸೇರಿತ್ತು. "ಕಾಲು ಎಳೀತೀರಂತೆ ಡಾಕ್ಟ್ರೇ, ಉದ್ದ ಆಗೂದಿಲ್ವಾ?" ಎಂದು ಕೇಳಿದ್ದರು. ಬಿಟ್ಟ ಕೂಡಲೇ ಮೊದಲಿನಂತೆ ಕೂರುತ್ತದೆ ಎಂದು ಕೈಯಲ್ಲೇ ತೋರಿಸಿ ಹೇಳಿದೆ.

ಅವರ ಕಾಲು ಎಳೆದಾಗ, ಆಪರೇಷನ್ ನಡುವೆಯೇ ಎಕ್ಸ್‌ರೇ ತೋರಿಸುವ ಸಿ-ಆರ್ಮ್ ಯಂತ್ರದ ಪರದೆಯಲ್ಲಿ ಸಂದು ಕಾಣಲೇ ಇಲ್ಲ. ಇಂಥ ಹೊತ್ತಲ್ಲಿ ಹಿಡಿಕೆ ಇನ್ನಷ್ಟು ತಿರುಗಿಸಬೇಕು ಅನ್ನಿಸುತ್ತದೆ. ನಾನು ತಿರುಗಿಸುವುದಿಲ್ಲ. ಸ್ನಾಯು ಪೂರ್ತಿ ಸಡಿಲಾಗಿದೆಯಾ ಎಂದು ಮೊದಲು ಅರಿವಳಿಕೆ ಡಾಕ್ಟರನ್ನು ಕೇಳುತ್ತೇನೆ. ಆಮೇಲೆ ಅದೇ ಬಲದಲ್ಲಿ ಕೆಲವು ನಿಮಿಷ ಕಾಯುತ್ತೇನೆ, ಕೀಲಿನ ಚೀಲ ನಿಧಾನಕ್ಕೆ ಹಿಗ್ಗುತ್ತದೆ. ಕೊನೆಗೆ ಸೂಜಿ. ಒಂದರೊಳಗೊಂದು ಸಿಕ್ಕಿಕೊಂಡ ಒದ್ದೆ ಲೋಟಗಳ ಹಾಗೆ ಈ ಕೀಲನ್ನು ಒಳಗಿನ ನಿರ್ವಾತವೇ ಹಿಡಿದಿರುತ್ತದೆ. ಸೂಜಿ ಒಳಗೆ ಹೋಗಿ ಗಾಳಿ ಸೇರಿತು ನೋಡಿ, ಬಲ ಒಂದಿಷ್ಟೂ ಏರಿಸದೆ ಪರದೆಯ ಮೇಲೆ ಕಪ್ಪು ಸಂದು ಅರ್ಧಚಂದ್ರದಂತೆ ತೆರೆದುಕೊಂಡಿತು!

ಸುಲಭವಾಗಿ ಬಿಡುವ ಕೀಲಿಗೂ ಅದರದೇ ಎಚ್ಚರ ಬೇಕು. ಆ ಹುಡುಗಿಯಂಥವರಲ್ಲಿ ಕೊಯ್ದ ಚೀಲವನ್ನು ಹೊಲಿಯದೆ ಹೊರಬರಬಾರದು, ಇಲ್ಲದಿದ್ದರೆ ಮೊದಲೇ ಸಡಿಲಾದ ಕೀಲು ಇನ್ನೂ ಸಡಿಲಾಗುತ್ತದೆ. ಇನ್ನು ಸವೆದು, ಎಕ್ಸ್‌ರೇಯಲ್ಲಿ ಕಾಣುವ ಸಂದು 2 ಮಿಲಿಮೀಟರಿಗಿಂತ ಕಡಿಮೆಯಾದ ಕೀಲಿಗೆ ನಾನು ಈ ಆಪರೇಷನ್ ಹೇಳುವುದೇ ಇಲ್ಲ. ಎಳೆದು ಒಳಗೆ ಹೋದರೂ ಅವರಿಗೆ ಸಿಗುವ ಲಾಭ ಕಡಿಮೆ.

ಪಾದವನ್ನೂ ಹಿಂದಿನ ದಿನವೇ ನೋಡಿಡುತ್ತೇನೆ. ಗದ್ದೆ ಕೆಲಸದವರ ಹಿಮ್ಮಡಿ ಒಡೆದಿರುತ್ತದೆ. ಎಳೆತವೆಲ್ಲ ಪಾದಕ್ಕೆ ಕಟ್ಟುವ ಟೇಬಲ್ಲಿನ ಬೂಟಿನ ಮೂಲಕವೇ ಹೋಗುವುದರಿಂದ ಹತ್ತಿಯ ಪದರ ದಪ್ಪವಾಗಿ ಸುತ್ತಬೇಕು.

ಹೆಚ್ಚು ಬಲ, ಹೆಚ್ಚು ಹೊತ್ತು, ಎರಡೂ ನರಕ್ಕೆ ಕೆಟ್ಟದ್ದು. ಎಳೆದಾಗ ಮೈ ಜಾರದಂತೆ ಟೇಬಲ್ ಮೇಲೆ ನಿಲ್ಲಿಸಿದ, ತೊಡೆಸಂದಿಗೆ ಒತ್ತುವ ಕಂಬ ಗುಪ್ತಾಂಗದ ನರವನ್ನು ಅದುಮುತ್ತದೆ. ಹಾಗಾಗಿ ದಪ್ಪ ಮೆತ್ತೆ ಹಾಕುತ್ತೇವೆ, ಎಳೆತ 2 ಗಂಟೆ ದಾಟದಂತೆ ಸಿಸ್ಟರ್ ಗಡಿಯಾರ ನೋಡುತ್ತಿರುತ್ತಾರೆ. ತಲೆಯ ಕಡೆ ಟೇಬಲ್ ತಗ್ಗಿಸಿ, ಜಾರದ ಹಾಸಿನ ಮೇಲೆ ಮಲಗಿಸಿ, ಕಂಬವಿಲ್ಲದೆಯೂ ಎಳೆಯಬಹುದು. ಸಾಧ್ಯವಿದ್ದಲ್ಲೆಲ್ಲ ನನಗೆ ಅದೇ ಇಷ್ಟ.

ಮರುದಿನ ರೌಂಡ್ಸ್‌ನಲ್ಲಿ ಗುಪ್ತಾಂಗದ ಜಾಗ ಮರಗಟ್ಟಿದೆಯಾ ಎಂದು ಕೇಳಲೇಬೇಕು. ಹೆಚ್ಚಿನವರಿಗೆ ತಾನಾಗಿಯೇ ಸರಿಹೋಗುತ್ತದೆ, ಆದರೆ ನಾಚಿಕೆಯಿಂದ ಯಾರೂ ತಾವಾಗಿ ಹೇಳುವುದಿಲ್ಲ. ಹೆಂಗಸರನ್ನು ಸಿಸ್ಟರ್ ಕೈಲಿ ಕೇಳಿಸುತ್ತೇನೆ. ಗಂಡಸರಾದರೆ ಜೊತೆಗಿದ್ದವರನ್ನು ಹೊರಗೆ ಕಳಿಸಿ ನಾನೇ ಕೇಳುತ್ತೇನೆ.