ಕಾಫಿ ಎಲೆಯಿಂದ ನೀರು ತಿಳಿ ಮಾಡುವ ಪುಡಿ

ಕೊಡಗಿನ ಕಾಲೇಜುಗಳಲ್ಲಿ ಕೆಮಿಸ್ಟ್ರಿ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ ಇದೊಂದು ಒಳ್ಳೆಯ ಕೆಲಸ: ಕಾಫಿ ಎಲೆಯ ಕಷಾಯದಿಂದ ಜಿಂಕ್ ಆಕ್ಸೈಡ್ ನ್ಯಾನೋ ಕಣ (ಕಣ್ಣಿಗೆ ಕಾಣದಷ್ಟು ಸಣ್ಣ ಕಣ) ಮಾಡಿ, ಅದರಿಂದ ಬಿಸಿಲಲ್ಲಿ ನೀರಿನ ಬಣ್ಣ ತೆಗೆಯುವುದು. ಲ್ಯಾಬ್‌ನಲ್ಲೇ ಮಾಡಿ, ಮನೆಯಲ್ಲಿ ಬೇಡ.

ತೋಟದಲ್ಲಿ ಚಿಗುರು ತೆಗೆಯುವಾಗ ಬಿದ್ದ ಎಲೆ ಸಾಕು. ಬೋರ್ಡೋ ಎಂಬ ತಾಮ್ರದ ಶಿಲೀಂಧ್ರನಾಶಕ ಹೊಡೆದ ಗಿಡದ್ದು ಮಾತ್ರ ಬೇಡ, ಅದರ ತಾಮ್ರ ಪುಡಿಗೂ ಸೇರಿಕೊಳ್ಳುತ್ತದೆ. ಎಲೆ ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ. 10 ಗ್ರಾಂ ಪುಡಿಯನ್ನು 100 ಮಿಲಿ ಡಿಸ್ಟಿಲ್ಡ್ ವಾಟರ್‌ಗೆ ಹಾಕಿ 70-80 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿ, ಸೋಸಿ. ಇದರಲ್ಲಿರುವ ಕ್ಲೋರೋಜೆನಿಕ್ ಆಮ್ಲದಂಥ ಪಾಲಿಫಿನಾಲ್‌ಗಳು ಸತುವನ್ನು (ಜಿಂಕ್) ಹಿಡಿದುಕೊಂಡು, ಕಣಗಳು ಗಂಟು ಕಟ್ಟದ ಹಾಗೆ ನೋಡಿಕೊಳ್ಳುತ್ತವೆ.

50 ಮಿಲಿ ಕಷಾಯಕ್ಕೆ 5 ಗ್ರಾಂ ಜಿಂಕ್ ನೈಟ್ರೇಟ್ ಹಾಕಿ, ಅದೇ ಬಿಸಿಯಲ್ಲಿ ಪೇಸ್ಟ್ ಆಗುವವರೆಗೆ ಕಲಕಿ. ಆಮೇಲೆ ಲ್ಯಾಬಿನ ಕುಲುಮೆಯಾದ ಮಫಲ್ ಫರ್ನೇಸ್‌ನಲ್ಲಿ 400 ಡಿಗ್ರಿ, ಎರಡು ಗಂಟೆ. ಈ ಹಂತದಲ್ಲಿ ಕಂದು ಬಣ್ಣದ ವಿಷದ ಹೊಗೆ ಬರುತ್ತದೆ, ಹೊಗೆ ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಕೈ ಹಾಕಬೇಡಿ. ಹೊರತೆಗೆದಾಗ ಪುಡಿ ಹಳದಿ ಕಂಡರೆ ಗಾಬರಿ ಬೇಡ. ಜಿಂಕ್ ಆಕ್ಸೈಡ್ ಬಿಸಿಯಲ್ಲಿ ಹಳದಿ, ಆರಿದ ಮೇಲೆ ಬಿಳಿ. ಆರಿದ ಮೇಲೂ ಬೂದು ಬಣ್ಣ ಉಳಿದರೆ ಎಲೆಯ ಇದ್ದಿಲು ಪೂರ್ತಿ ಸುಟ್ಟಿಲ್ಲ ಎಂದರ್ಥ.

ಪರೀಕ್ಷೆಗೆ ಲೀಟರಿಗೆ 10 ಮಿಲಿಗ್ರಾಂ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣ ಕರಗಿಸಿದ ನೀರು 100 ಮಿಲಿ, ಪುಡಿ 50 ಮಿಲಿಗ್ರಾಂ. ಮೊದಲು ಅರ್ಧ ಗಂಟೆ ಕತ್ತಲಲ್ಲಿ ಕಲಕಿ. ಬಣ್ಣ ಸುಮ್ನೆ ಕಣಕ್ಕೆ ಅಂಟಿಕೊಂಡಿದ್ದೆಷ್ಟು ಎಂದು ತಿಳಿಯಬೇಕಲ್ವಾ? ಆಮೇಲೆ ಬಿಸಿಲಿಗಿಡಿ. ಅತಿನೇರಳೆ ಕಿರಣ ಬಿದ್ದಾಗ ಪುಡಿಯ ಮೇಲೆ ಹುಟ್ಟುವ, ಬಹಳ ಚುರುಕಾದ ಹೈಡ್ರಾಕ್ಸಿಲ್ ರ್‍ಯಾಡಿಕಲ್‌ಗಳು ಬಣ್ಣದ ಅಣುವನ್ನು ಒಡೆಯುತ್ತವೆ. ಆಗಾಗ ಸ್ವಲ್ಪ ತೆಗೆದು, ಸೆಂಟ್ರಿಫ್ಯೂಜ್ ಮಾಡಿ (ಜೋರಾಗಿ ತಿರುಗಿಸಿ ಪುಡಿ ಬೇರ್ಪಡಿಸಿ), ಬಣ್ಣ ಎಷ್ಟು ಉಳಿದಿದೆ ಎಂದು ಸ್ಪೆಕ್ಟ್ರೋಫೋಟೋಮೀಟರಿನಿಂದ 664 ನ್ಯಾನೋಮೀಟರ್‌ನಲ್ಲಿ ಬೆಳಕಿನ ಹೀರಿಕೆಯನ್ನು ಅಳೆಯಿರಿ. ಪುಡಿ ಹಾಕದ ಬಣ್ಣದ ನೀರನ್ನೂ ಪಕ್ಕದಲ್ಲಿಡಿ, ಬರೀ ಬಿಸಿಲಿಗೇ ಬಣ್ಣ ಎಷ್ಟು ಮಾಸುತ್ತದೆ ಎಂದು ಗೊತ್ತಾಗುತ್ತದೆ. ಮಡಿಕೇರಿಯ ಮಳೆಗಾಲದಲ್ಲಾದರೆ ಯುವಿ ದೀಪವೇ ಗತಿ.

ಹಾಗಾದರೆ ಕಾಫಿ ಹಣ್ಣಿನ ಸಿಪ್ಪೆ ತೆಗೆಯುವಾಗ ಬರುವ ಪಲ್ಪಿಂಗ್ ನೀರಿಗೂ ಇದನ್ನೇ ಹಾಕಬಹುದಾ? ನೇರವಾಗಿ ಬೇಡ. ಆ ನೀರಲ್ಲಿ ಸಕ್ಕರೆ, ಲೋಳೆ ಜಾಸ್ತಿ, ಹುಳಿತು ಆಮ್ಲೀಯವಾಗುತ್ತದೆ. ಆಮ್ಲದಲ್ಲಿ ಜಿಂಕ್ ಆಕ್ಸೈಡ್ ಕರಗಿಬಿಡುತ್ತದೆ. ಕರಗಿದ ಸತು ತೋಡಿಗೆ ಹೋದರೆ ಮೀನಿಗೆ ವಿಷ. ಕಂದು ನೀರಲ್ಲಿ ಬೆಳಕೂ ಒಳಗಿಳಿಯುವುದಿಲ್ಲ. ಅದಕ್ಕೆ ಮೊದಲು ಸುಣ್ಣ ಹಾಕಿ ಹುಳಿ ತೆಗೆಯಬೇಕು, ಗಸಿ ಇಳಿಸಬೇಕು, ಸಾವಯವ ಕೊಳೆಯನ್ನು ಬ್ಯಾಕ್ಟೀರಿಯಾಗಳಿಗೆ ಬಿಡಬೇಕು. ಆಮೇಲೂ ಉಳಿದ ಬಣ್ಣವಿದ್ದರೆ ಒಂದು ಬೀಕರ್‌ನಲ್ಲಿ ಪರೀಕ್ಷಿಸಿ ನೋಡಿ. ಬಳಸಿದ ಪುಡಿಯನ್ನು ಸಿಂಕಿಗೆ ಸುರಿಯದೆ, ತೊಳೆದು ಒಣಗಿಸಿ ಮತ್ತೆ ಬಳಸಿ. ಎರಡನೇ ಸಲಕ್ಕೆ ಅದರ ತಾಕತ್ತು ಎಷ್ಟು ಇಳಿಯಿತು ಎಂಬುದನ್ನೂ ರಿಪೋರ್ಟಿನಲ್ಲಿ ಬರೆಯಿರಿ.